ಹಲಗೆ ಹಿಂದಕ್ಕೆ ಹೋಗುವುದಿಲ್ಲ

ಹದಿನಾಲ್ಕು ದಿನದ ಹಿಂದಿನ ಬಂಗುಡೆಯನ್ನು ಎಸೆಯಲೆಂದು ಫ್ರೀಜರಿನಿಂದ ತೆಗೆದಾಗ, ಇವತ್ತು ಸಂಜೆ ಐದಕ್ಕೆ ಗಡುವು ಮುಗಿಯುತ್ತದೆ ಎಂದು ಚಿಗುಸಾಳಿಗೆ ನೆನಪಾಯಿತು. ನೆನಪಾಯಿತು ಎನ್ನುವುದೂ ಸುಳ್ಳೇ. ಮರೆತವರಿಗೆ ತಾನೆ ನೆನಪಾಗುವುದು? ಎರಡು ವಾರದಿಂದ ಆ ಗಡುವು ಅವಳ ಹೊಟ್ಟೆಯೊಳಗೆ ಅರಗದ ಅನ್ನದ ಹಾಗೆ ಕೂತಿತ್ತು. ಶಾಲೆಯ ಮಕ್ಕಳಿಗೆ ಬಡಿಸಿದ ಪ್ರತಿಯೊಂದು ಪದಾರ್ಥದಲ್ಲೂ ಒಂದು ಹಿಡಿಯಷ್ಟನ್ನು ಪುಟ್ಟ ಚೀಲಕ್ಕೆ ಹಾಕಿ, ಮೇಲೆ ತಾರೀಖು ಬರೆದು, ಎರಡು ವಾರ ಹಿಮಗಟ್ಟಿಸಿ ಇಡಬೇಕು. ಯಾವ ಮಗುವಿನ ಹೊಟ್ಟೆಯಾದರೂ ಕೆಟ್ಟರೆ ತಪ್ಪು ಯಾರದು ಎಂದು ಚೀಲ ಬಿಚ್ಚಿ ಹೇಳುವುದಕ್ಕೆ. ಎರಡು ವಾರ ಯಾರೂ ಏನೂ ಅನ್ನದಿದ್ದರೆ ಎಲ್ಲ ಸರಿಯಿತ್ತು ಎಂದೇ ತೀರ್ಮಾನ. ಬಂಗುಡೆಗೆ ಹುಳಿ ಬರಿಸಿದ ಸೋಯಾಕಾಳಿನ ಮಿಸೊ ಬೆರೆಸಿ ಬೇಯಿಸಿದ ಆ ದಿನ ಸಂಜೆಯೇ ಆಸ್ಪತ್ರೆಯ ಕಾಗದ ಬಂದಿತ್ತು. ಲಕೋಟೆ ಬಿಳಿಯದು, ಆಸ್ಪತ್ರೆಯ ಹೆಸರು ಬಿಟ್ಟು ಬರೀ ವಿಳಾಸವನ್ನಷ್ಟೇ ಅಚ್ಚು ಹಾಕಿದ್ದು. ಅಂಚೆಯವನಿಗೂ ಅಕ್ಕಪಕ್ಕದವರಿಗೂ ತಿಳಿಯಬಾರದೆಂಬ ಸೌಜನ್ಯ. ಆ ಸೌಜನ್ಯ ಕಂಡೇ ಅವಳು ಬಾಗಿಲು ಮುಚ್ಚಿಕೊಂಡು ಲಕೋಟೆ ಒಡೆದಿದ್ದಳು.

"ಏನೇ, ಬಂಗುಡೆ ಮುಖ ನೋಡ್ತಾ ನಿಂತ್ಬಿಟ್ಟೆ? ಅದನ್ನೇ ಮದುವೆ ಆಗ್ತೀಯಾ?" ಎಂದಳು ನಗುಮೊ. ಅಡುಗೆಮನೆಯಲ್ಲಿ ಚಿಗುಸಾಳ ಜೊತೆಗೆ ಹದಿನೆಂಟು ವರ್ಷದಿಂದ ಕಡಾಯಿ ತಿರುವುತ್ತಿರುವವಳು, ದೋಣಿಯ ಹುಟ್ಟಿನಷ್ಟು ದೊಡ್ಡ ಸೌಟು ಹಿಡಿದೂ ಬಾಯಿ ನಿಲ್ಲಿಸದವಳು.

"ಚೀಟಿ ಓದ್ತಿದ್ದೆ."

"ಅದರಲ್ಲಿ ಓದೋಕೇನಿದೆ, ತಾರೀಖು ತಾನೇ. ಎಸಿ ಅತ್ಲಾಗೆ. ಯಾರೂ ಸಾಯ್ಲಿಲ್ಲ, ನಾವು ಗೆದ್ವಿ." ನಗುಮೊ ರಬ್ಬರು ಬೂಟಿನಿಂದ ಕಸದ ಡಬ್ಬಿಯ ಮುಚ್ಚಳ ಎತ್ತಿ ಹಿಡಿದಳು. "ಅಂದಹಾಗೆ ನಿನ್ನ ತಮ್ಮ ಹೊಸವರ್ಷಕ್ಕೂ ಬರ್ಲಿಲ್ವಲ್ಲೇ. ನಗೋಯಾದಲ್ಲಿ ಯಾರನ್ನೋ ಕಟ್ಕೊಂಡಿರ್ತಾನೆ ನೋಡು. ಮೆತ್ತಗಿರೋ ಗಂಡಸರನ್ನ ನಂಬಬಾರದು."

"ರಜಾ ಸಿಗ್ಲಿಲ್ವಂತೆ."

"ಫೋನಾದ್ರೂ ಮಾಡ್ತಾನಾ?"

"ಮಾಡ್ತಾನೆ."

ನಗುಮೊಗೆ ಹೇಳಿದ ಅಷ್ಟು ಮಾತಿನಲ್ಲಿ ಇದೊಂದು ಮಾತ್ರ ನಿಜ. ತಮೋತ್ಸು ನಗೋಯಾದ ಕಾರು ಕಾರ್ಖಾನೆಯಲ್ಲಿಲ್ಲ. ಊರಿನ ಹಿಂದಿನ ಗುಡ್ಡದ ಮೇಲೆ, ಈ ಅಡುಗೆಮನೆಯ ಹಿಂಬಾಗಿಲಿನಿಂದ ಕತ್ತೆತ್ತಿದರೆ ಕಾಣುವ ಮಾನಸಿಕ ಆಸ್ಪತ್ರೆಯ ಬೂದುಬಣ್ಣದ ಕಟ್ಟಡದಲ್ಲಿ, ಮೂರನೆಯ ಮಹಡಿಯಲ್ಲಿ, ಬೀಗ ಹಾಕಿದ ಬಾಗಿಲಿನ ಆಚೆ ಇದ್ದಾನೆ. ಬುಧವಾರ ಮತ್ತು ಶನಿವಾರ ಸಂಜೆ ವಾರ್ಡಿನ ಓಣಿಯ ಫೋನಿನಿಂದ ಮನೆಗೆ ಕರೆ ಮಾಡುತ್ತಾನೆ. ಹೆಸರು ಬರುವ ಜಾಗದಲ್ಲಿ 'ಸಾರ್ವಜನಿಕ ದೂರವಾಣಿ' ಎಂದು ಮೂಡುತ್ತದೆ. ಅವಳು ಕೈ ಒರೆಸಿಕೊಳ್ಳುತ್ತಾಳೆ, ಫೋನಿನ ಮುಂದೆ ನಿಲ್ಲುತ್ತಾಳೆ, ಅದು ಹನ್ನೊಂದು ಸಲ ಬಡಿದುಕೊಂಡು ಸುಮ್ಮನಾಗುವವರೆಗೂ ಉಸಿರು ಹಿಡಿದು ನಿಂತೇ ಇರುತ್ತಾಳೆ. ಎತ್ತಿದರೆ ಅವನು ಏನು ಕೇಳುತ್ತಾನೆಂದು ಅವಳಿಗೆ ಗೊತ್ತು. ಅವನು ಅದನ್ನು ಕೇಳದೆ, ಊಟವಾಯಿತೇ ಅಕ್ಕ ಎಂದು ಮಾತ್ರ ಕೇಳಿಬಿಟ್ಟರೆ ಎಂಬ ಭಯ ಇನ್ನೂ ದೊಡ್ಡದು.

ಕ್ಯಾರೆಟ್ ಬೇಯುತ್ತಿತ್ತು. ಅವಳು ಕಡಾಯಿಯ ಮೂರು ಕಡೆಯಿಂದ ಮೂರು ತುಂಡು ಎತ್ತಿ, ನಡುವಿಗೆ ಉಷ್ಣಮಾಪಕದ ಕಡ್ಡಿ ಚುಚ್ಚಿ ನೋಡಿದಳು. ಎಂಬತ್ತೈದು ಡಿಗ್ರಿ ದಾಟಬೇಕು, ದಾಟಿ ಒಂದೂವರೆ ನಿಮಿಷ ಹಾಗೇ ನಿಲ್ಲಬೇಕು, ಆಮೇಲೆ ಬರೆದು ಸಹಿ ಹಾಕಬೇಕು. ಒಂದು ಕ್ಯಾರೆಟ್ಟಿನ ವಿಷಯಕ್ಕೆ ಮೂರು ಸಾಕ್ಷಿ. ತಮ್ಮನ ವಿಷಯಕ್ಕೆ ಅವಳ ಒಂದು ಮಾತು ಸಾಕಾಯಿತು. ಸೆಪ್ಟೆಂಬರಿನಲ್ಲಿ ಆಸ್ಪತ್ರೆಯ ಡಾಕ್ಟರು, ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು, ಬಹಳ ಮೃದುವಾಗಿ, ಮನೆಯಲ್ಲಿ ನಿಮಗೆ ಏನಾದರೂ ಅಪಾಯ ಅನ್ನಿಸಿದೆಯೇ ಎಂದು ಕೇಳಿದ್ದರು. ನನ್ನನ್ನ ಕೋಣೆಯೊಳಗೆ ಕೂಡಿಹಾಕ್ತಾನೆ, ಎಂದಿದ್ದಳು. ಡಾಕ್ಟರು ಬರೆದುಕೊಂಡರು. ಮಾತು ಸುಳ್ಳಲ್ಲ. ಒಂದು ದಿನ ಬೆಳಗಿನ ಜಾವದಿಂದ ಮಧ್ಯಾಹ್ನದವರೆಗೆ ಅವನು ಅವಳ ಕೋಣೆಯ ಜಾರುಬಾಗಿಲಿಗೆ ಎರಡೂ ಅಂಗೈ ಒತ್ತಿ ಆಚೆ ನಿಂತಿದ್ದ. ಅವಳು ಕೂಗಿದಳು, ಬೇಡಿದಳು, ಬಾಗಿಲಿಗೆ ಗುದ್ದಿದಳು. ತಡೆಯಲಾಗದೆ ಕೊನೆಗೆ ಅಮ್ಮ ಹೂ ಜೋಡಿಸುತ್ತಿದ್ದ ಅಗಲ ಬಾಯಿಯ ಬಟ್ಟಲಿನಲ್ಲಿ, ಐವತ್ತಮೂರು ವರ್ಷದ ಹೆಂಗಸು, ಕುಕ್ಕರುಗಾಲಿನಲ್ಲಿ ಕೂತು ಉಚ್ಚೆ ಹೊಯ್ದಳು. ಆ ಸದ್ದು ಆಚೆ ಅವನಿಗೆ ಕೇಳಿಸುತ್ತಿದೆಯಲ್ಲ ಎಂದು ಅಳು ಬಂತು. ಅವನಿಗೆ ಕೇಳಿಸಿತೋ ಇಲ್ಲವೋ. ಅವನು ಒಂದೇ ಸಮನೆ ಹೇಳುತ್ತಿದ್ದ: "ಯಾರನ್ನೂ ಒಳಗೆ ಬಿಡಲ್ಲ ಅಕ್ಕ. ನಾನಿದೀನಿ. ನೀನು ಮಲಕ್ಕೋ." ಆ ಮಾತನ್ನು ಅವಳು ಡಾಕ್ಟರಿಗೆ ಹೇಳಲಿಲ್ಲ. ಕೂಡಿಹಾಕಿದ್ದು ಹೌದು, ಕಾವಲು ಕಾದದ್ದೂ ಹೌದು. ಅವಳು ಒಂದನ್ನು ಕೊಟ್ಟು ಇನ್ನೊಂದನ್ನು ಬಾಯಲ್ಲೇ ಇಟ್ಟುಕೊಂಡಳು. ಹೆದರಿದ್ದಳು. ಅವನು ವಾಪಸು ಬಂದರೆ ಇನ್ನೊಂದು ಬೆಳಗಿನ ಜಾವ ಆ ಬಾಗಿಲ ಆಚೆ ಎರಡು ಕಾಲಿನ ನೆರಳು ಕಾಣುತ್ತದೆ ಎಂದು ಈಗಲೂ, ಕ್ಯಾರೆಟ್ಟಿಗೆ ಕಡ್ಡಿ ಚುಚ್ಚುತ್ತಿರುವ ಈ ಕ್ಷಣದಲ್ಲೂ, ಹೆದರಿಕೆಯೇ.

"ಎಂಬತ್ತೊಂಬತ್ತು," ಎಂದು ಕೂಗಿದಳು. "ಬರ್ಕೊಂಡೆ," ಎಂದಳು ನಗುಮೊ.

ಕಾಗದದಲ್ಲಿದ್ದದ್ದು ಇಷ್ಟು. ನಿಮ್ಮ ತಮ್ಮನವರ ದಾಖಲಾತಿಯ ಅವಧಿ ಮುಗಿಯುತ್ತ ಬಂದಿದೆ. ಇನ್ನು ಆರು ತಿಂಗಳು ಮುಂದುವರಿಸಬೇಕೆಂದಿದ್ದೇವೆ. ಕಾನೂನಿನ ಪ್ರಕಾರ ಮನೆಯವರೊಬ್ಬರ ಒಪ್ಪಿಗೆ ಬೇಕು. ತಮ್ಮ ಅಸಮ್ಮತಿ ಇದ್ದಲ್ಲಿ ಇಂಥ ದಿನ ಸಂಜೆ ಐದರೊಳಗೆ ಕಚೇರಿಗೆ ತಿಳಿಸಬೇಕು. ತಿಳಿಸದಿದ್ದಲ್ಲಿ ಒಪ್ಪಿಗೆಯಿದೆ ಎಂದೇ ಪರಿಗಣಿಸಲಾಗುವುದು. ಸಮ್ಮತಿ ಇರುವವರು ಉತ್ತರ ಬರೆಯುವ ತೊಂದರೆ ತೆಗೆದುಕೊಳ್ಳಬೇಕಾಗಿಲ್ಲ. ಮೌನವೇ ಸಮ್ಮತಿ ಎನ್ನುವ ಮಾತು ಹೆಣ್ಣು ನೋಡುವ ಶಾಸ್ತ್ರದಲ್ಲಿ ಕೇಳಲು ಚೆನ್ನ. ಒಬ್ಬ ಮನುಷ್ಯ ಬೀಗದ ಒಳಗಿದ್ದು, ಇನ್ನೊಬ್ಬಳ ಮೌನವೇ ಬೀಗದ ಕೈ ಆದಾಗ ಆ ಮಾತಿನ ರುಚಿ ಬೇರೆ. ಸೆಪ್ಟೆಂಬರಿನಲ್ಲಾದರೂ ಅವಳು ಒಂದು ಕೆಲಸ ಮಾಡಬೇಕಾಗಿತ್ತು. ಕೈ ಎತ್ತಬೇಕಾಗಿತ್ತು, ಸಹಿಗೆ ಬದಲಾಗಿ ಒತ್ತುವ ಮನೆತನದ ಮೊಹರನ್ನು ಕೆಂಪು ಶಾಯಿಗೆ ತಾಕಿಸಬೇಕಾಗಿತ್ತು. ಈಗ ಸುಮ್ಮನಿದ್ದರೆ ಸಾಕು. ಪಾತ್ರೆ ತೊಳೆದರೆ ಸಾಕು. ಮೂರೂವರೆಗೆ ಏಪ್ರನ್ ಬಿಚ್ಚಿ, ಸೈಕಲ್ ಹತ್ತಿ, ಮನೆಗೆ ಹೋಗಿ ಚಹಾ ಕುಡಿದರೆ ಸಾಕು. ಗಂಟೆ ಐದಾಗುತ್ತದೆ, ಅಷ್ಟೇ.

ಕಾಗದ ಬಂದ ಮಾರನೆಯ ದಿನ ಆಸ್ಪತ್ರೆಯ ಸಮಾಜ ಕಾರ್ಯಕರ್ತೆ ಫೋನ್ ಮಾಡಿದ್ದಳು. ಒಗಿಸೊ ಎಂದು ಹೆಸರು, ಇನ್ನೂ ಎಳೆಯ ದನಿ, ಮಾತಿನ ನಡುವೆ ಪುಟ ತಿರುವುವ ಸದ್ದು. "ಚಳಿಗಾಲದಿಂದ ತುಂಬಾ ಸುಧಾರಿಸಿದಾರೆ ಮೇಡಂ. ಇರೋಕೊಂದು ಜಾಗ ಅಂತ ಆದ್ರೆ ಹೊರಗೆ ಬಿಡಬಹುದು ಅಂತ ಡಾಕ್ಟರೂ ಅಂತಾರೆ. ಜಾಗ ಇಲ್ಲ ಅನ್ನೋದಕ್ಕೇ ಮುಂದುವರಿಸ್ತಿರೋದು. ನೀವು ಬೇಡ ಅಂದ್ರೆ ಬೇಡ ಅಂತಲೇ ಬರ್ಕೊತೀವಿ, ಎಲ್ಲರೂ ಕೂತು ಇನ್ನೊಂದು ದಾರಿ ಹುಡುಕೋಣ. ಮನೇಲೇ ಇಟ್ಕೊಳ್ಳಿ ಅಂತ ನಾನು ಹೇಳ್ತಿಲ್ಲ. ನಿಮ್ಮ ಬೀದೀಲೇ ಹಳೇ ಸಾರ್ವಜನಿಕ ಸ್ನಾನಗೃಹ ಇತ್ತಲ್ಲ, ಅಲ್ಲಿ ಆರು ಜನಕ್ಕೆ ಒಂದು ಆಸರೆ ಮನೆ ಮಾಡೋ ಮಾತು ನಡೀತಿದೆ. ಅದಾಗೋವರೆಗೆ ಸ್ವಲ್ಪ ದಿನ..." ಚಿಗುಸಾ ಹೂಂ ಹೂಂ ಎನ್ನುತ್ತಿದ್ದಳು. ಕೊನೆಗೆ, ಯೋಚಿಸಿ ಹೇಳುತ್ತೇನೆ ಎಂದಳು. ಈ ಊರಿನಲ್ಲಿ ಯೋಚಿಸಿ ಹೇಳುತ್ತೇನೆ ಎಂದರೆ ಹೇಳುವುದಿಲ್ಲ ಎಂದರ್ಥ. ಆ ಹುಡುಗಿಗೂ ಅದು ತಿಳಿಯಿತು, ಪುಟ ತಿರುವಿದಳು.

ಮೂರೂವರೆಗೆ ಅವಳು ಸೈಕಲ್ ಹತ್ತಿದಳು. ಮಾರ್ಚಿನ ಮೊದಲ ವಾರ, ರಸ್ತೆಯ ಅಂಚಿನಲ್ಲಿ ಮಸಿ ಹಿಡಿದ ಹಿಮ ಇನ್ನೂ ಕರಗಿರಲಿಲ್ಲ, ಸಮುದ್ರದ ಕಡೆಯಿಂದ ಗಾಳಿ ಕಿವಿಗೆ ಹೊಡೆಯುತ್ತಿತ್ತು. ಬಿಸಿ ಸಾರಿನ ಶಾವಿಗೆ ಮಾರುವ ಸೊಬಾ ಅಂಗಡಿಯ ಮುಂದೆ ಅವಳು ಯಾವಾಗಲೂ ಮಾಡುವಂತೆ ರಸ್ತೆಯ ಆಚೆ ಬದಿಗೆ ದಾಟಿಕೊಂಡಳು. ಸೆಪ್ಟೆಂಬರಿನ ಆ ದಿನ, ಅಕ್ಕ ಎಲ್ಲಿಗೆ ಎಂದು ತಮ್ಮ ಕೇಳಿದಾಗ, ಸೊಬಾ ತಿನ್ನೋಕೆ ಕಣೋ, ಎಷ್ಟು ದಿನ ಆಯ್ತು ನಾವಿಬ್ರೂ ಹೊರಗೆ ತಿಂದು, ಎಂದಿದ್ದಳು. ಅವನು ಸಂತೋಷಪಟ್ಟ. ಒಳ್ಳೆಯ ಅಂಗಿ ಹಾಕಿಕೊಂಡ, ಗುಂಡಿ ಒಂದರ ಮೇಲೊಂದು ತಪ್ಪಿ ಹೋಗಿತ್ತು, ಅವಳೇ ಸರಿಮಾಡಿದಳು. ಬಾಡಿಗೆ ಕಾರು ಸೊಬಾ ಅಂಗಡಿ ದಾಟಿ ಗುಡ್ಡ ಹತ್ತುವಾಗ ಅವನು ಏನೂ ಕೇಳಲಿಲ್ಲ. ಆಸ್ಪತ್ರೆಯ ಕೋಣೆಯಲ್ಲಿ ಡಾಕ್ಟರು ಎದುರಿಗಿಟ್ಟ ಹಾಳೆಯನ್ನು ಓದಿ ಹೇಳಿದರು: ನಿಮ್ಮ ಕಾಗದಪತ್ರಗಳನ್ನು ಯಾರೂ ತಡೆಯುವಂತಿಲ್ಲ, ವಕೀಲರಿಗೆ ಫೋನ್ ಮಾಡುವುದನ್ನು ತಡೆಯುವಂತಿಲ್ಲ, ನನ್ನನ್ನು ಬಿಡಿ ಎಂದು ಪ್ರಾಂತದ ಅಧಿಕಾರಿಗಳನ್ನು ಯಾವಾಗ ಬೇಕಾದರೂ ಕೇಳುವ ಹಕ್ಕು ನಿಮಗಿದೆ. ಬಾಗಿಲ ಬಳಿ ಬಿಳಿ ಬಟ್ಟೆಯ ಇಬ್ಬರು ಗಂಡಸರು ನಿಂತಿದ್ದರು. ತಮೋತ್ಸು ನೆಟ್ಟಗೆ ಕೂತು ಪೂರ್ತಿ ಕೇಳಿದ, ಅದರ ಪ್ರತಿ ನನಗೊಂದು ಕೊಡಿ ಎಂದ. ಆಮೇಲೆ ಒಪ್ಪಿಗೆಯ ಹಾಳೆ ಅವಳ ಮುಂದೆ ಬಂತು. ಅವಳು ಕೈಚೀಲ ತೆರೆದು ಮೊಹರು ತೆಗೆದಳು. ಮನೆಯ ಬೀರುವಿನ ಎರಡನೆಯ ಡ್ರಾಯರಿನಲ್ಲಿರುವ ಮೊಹರು, ಬೆಳಿಗ್ಗೆ ಅವನು ಹಲ್ಲುಜ್ಜುವಾಗ ಸದ್ದಾಗದಂತೆ ತೆಗೆದು ಚೀಲಕ್ಕೆ ಹಾಕಿಕೊಂಡದ್ದು. ಅವನು ಅದನ್ನು ನೋಡಿದ. ಆ ಕೋಣೆಯಲ್ಲಿ ಅವನು ಕೂಗಲಿಲ್ಲ, ಎದ್ದು ಓಡಲಿಲ್ಲ. ಮಗ್ಗಿ ತಪ್ಪಿದ ಮಗುವಿನ ದನಿಯಲ್ಲಿ ಒಂದೇ ಒಂದು ಮಾತು ಕೇಳಿದ: "ಅಕ್ಕ, ಸೊಬಾ ತಿನ್ನೋಕೆ ಮೊಹರು ಯಾಕೆ?"

ಈ ಆರು ತಿಂಗಳಲ್ಲಿ ಯಾವ ಪಾತ್ರೆ ಉಜ್ಜುವಾಗಲೂ, ಯಾವ ಮಗುವಿನ ತಟ್ಟೆ ಎತ್ತುವಾಗಲೂ ಅವಳ ಕಿವಿಯಲ್ಲಿ ಇದ್ದದ್ದು ಅದೊಂದೇ. ಅವಳು ಆವತ್ತು ಮೊಹರಿನ ಮುಚ್ಚಳ ಬಿಚ್ಚಿದಳು. ಹಾಳೆಯನ್ನು ಓದಲೂ ಇಲ್ಲ. ಎಲ್ಲಿ ಎಂದು ಕೇಳಿದಳು, ಇಲ್ಲಿ ಎಂದು ಬೆರಳು ತೋರಿಸಿದರು, ಒತ್ತಿದಳು.

ಸ್ನಾನಗೃಹದ ಚಿಮಣಿ ಬೀದಿಯ ತುದಿಯಲ್ಲಿ ಹಾಗೇ ನಿಂತಿತ್ತು. ಚಿಕ್ಕಂದಿನಲ್ಲಿ ಸ್ನಾನ ಮುಗಿಸಿ, ಗಂಡಸರ ಕಡೆಯ ಬಾಗಿಲಿನಿಂದ ಅಪ್ಪನ ಜೊತೆ ಅವನು ಕೆಂಪು ಕೆನ್ನೆಯಿಟ್ಟುಕೊಂಡು ಹೊರಬರುವವರೆಗೆ ಅವಳು ಈ ಮೆಟ್ಟಿಲ ಮೇಲೆ ಕಾಯುತ್ತಿದ್ದಳು. ಅಲ್ಲಿ ಅವನಿಗೊಂದು ಕೋಣೆ. ಬೇರೆಯವರು ಅಡುಗೆ ನೋಡಿಕೊಳ್ಳುತ್ತಾರೆ, ಮಾತ್ರೆ ನೋಡಿಕೊಳ್ಳುತ್ತಾರೆ. ಅವಳು ಭಾನುವಾರ ಹೋಗಬಹುದು. ರಾತ್ರಿ ತನ್ನ ಮನೆಯಲ್ಲಿ ತಾನು ಬಾಗಿಲ ಕಡೆ ಕಾಲು ಚಾಚಿ ಮಲಗಬಹುದು. ಇದನ್ನು ಯೋಚಿಸಿದೊಡನೆ ಎದೆ ಹಗುರಾಯಿತು, ಸೈಕಲ್ಲಿನ ಪೆಡಲೂ ಹಗುರಾಯಿತು. ಮನೆಗೆ ಹೋದ ತಕ್ಷಣ ಫೋನ್ ಮಾಡುತ್ತೇನೆ, ಬೇಡ ಎನ್ನುತ್ತೇನೆ ಎಂದುಕೊಂಡಳು. ಎಂದುಕೊಂಡ ಮೇಲೆ ಮತ್ತೆ ಹೆದರಿದಳು.

ಮನೆ ಸೇರಿದಾಗ ಗಂಟೆ ನಾಲ್ಕೂ ಐದು. ಬೂಟು ಕಳಚಿದಳು. ಸೀಮೆಎಣ್ಣೆಯ ಒಲೆ ಹಚ್ಚಿದಳು. ಕಾಗದ ತೆಗೆದು ಫೋನಿನ ಪಕ್ಕ ಇಟ್ಟಳು. ಕೆಟಲ್ಲಿಗೆ ನೀರು ತುಂಬಿದಳು. ನೀರು ಕುದಿಯಲಿ ಎಂದು ಕೂತಳು. ನೀರು ಕುದಿಯಿತು, ಚಹಾ ಬಣ್ಣ ಬಿಡಲಿ ಎಂದು ಕೂತಳು. ನಾಲ್ಕೂ ಇಪ್ಪತ್ತೆರಡು. ರಿಸೀವರ್ ಎತ್ತಿ, ಮೊದಲ ಮೂರು ಅಂಕಿ ಒತ್ತಿ, ಇಟ್ಟಳು. ಬೇಡ ಎಂದರೆ ಯಾಕೆ ಎಂದು ಕೇಳುತ್ತಾರೆ. ಸೆಪ್ಟೆಂಬರಿನಲ್ಲಿ ಕೂಡಿಹಾಕುತ್ತಾನೆ ಎಂದವರು ನೀವೇ ಅಲ್ಲವೇ ಎನ್ನುತ್ತಾರೆ. ಹಾಗಾದರೆ ಆಗ ಹೇಳಿದ್ದು ಸುಳ್ಳೇ, ಈಗ ಹೇಳುವುದು ಸುಳ್ಳೇ? ಆ ಎಳೆಯ ದನಿಯ ಹುಡುಗಿಯ ಮುಂದೆ, ಬಟ್ಟಲಿನ ವಿಷಯ ಹೇಳದೆ, ಅವನ ಅಂಗೈಯ ವಿಷಯ ಹೇಗೆ ಹೇಳುವುದು? ಚಹಾ ಆರಿತು. ನಾಲ್ಕೂ ನಲವತ್ತೊಂದಕ್ಕೆ ಮುಂಬಾಗಿಲು ಜಾರಿದ ಸದ್ದಾಯಿತು. ಅವಳು ಕಾಗದವನ್ನು ಸೊಂಟದ ಪಟ್ಟಿಗೆ ಸಿಕ್ಕಿಸಿಕೊಂಡು ಎದ್ದಳು.

"ಇದೀಯಾ ಚಿಗುಸಾ? ನಾನು ಕಣಮ್ಮ." ಪಕ್ಕದ ಮನೆಯ ಇಗಾರಶಿ ಅಜ್ಜಿ ಹೊಸ್ತಿಲೊಳಗೆ ಒಂದು ಕಾಲಿಟ್ಟು ನಿಂತಿದ್ದಳು. ಒಂದು ಕೈಯಲ್ಲಿ ಮೂಲಂಗಿ ಉಪ್ಪಿನಕಾಯಿಯ ಡಬ್ಬಿ, ಇನ್ನೊಂದರಲ್ಲಿ ಬೀದಿಯ ಸುತ್ತೋಲೆ ಹಲಗೆ. ನಗರಸಭೆಯದು, ಬೀದಿ ಸಂಘದ್ದು, ಯಾವ ಸುದ್ದಿಯಿದ್ದರೂ ಅದಕ್ಕೆ ಸಿಕ್ಕಿಸಿ ಮನೆಯಿಂದ ಮನೆಗೆ ದಾಟಿಸುತ್ತಾರೆ. ಪ್ರತಿ ಮನೆಯವರೂ ತಮ್ಮ ಹೆಸರಿನ ಚೌಕದಲ್ಲಿ ಮೊಹರು ಒತ್ತಿ ಮುಂದಿನ ಮನೆಗೆ ಕೊಡಬೇಕು. ಅಜ್ಜಿಯ ಮನೆಯಿಂದ ಇವಳ ಮನೆ, ಇವಳ ಮನೆಯಿಂದ ತಂಗೆ ಎಂಬ ಮನೆತನದವರ ಮನೆ. "ಬಾಗಿಲ ಹತ್ರ ಇಟ್ಟು ಹೋಗೋಣ ಅಂದ್ಕೊಂಡೆ. ಈ ಸಲ ಸ್ವಲ್ಪ ಅರ್ಜೆಂಟಂತೆ, ಸಂಘದೋರು ಇವತ್ತೇ ಮುಗೀಬೇಕು ಅಂದ್ರು. ನೀನು ಒತ್ತಿಕೊಡು, ತಂಗೆಯವರಿಗೆ ಆಮೇಲೆ ಕೊಡುವಂತೆ."

ಅಜ್ಜಿಯನ್ನು ನಿಲ್ಲಿಸಿಕೊಂಡು ಓದುವುದು ಹೇಗೆ? ಎದುರಿಗೆ ಹಿರಿಯರು ಕಾಯುತ್ತಿರುವಾಗ ಓದುವುದೆಂದರೆ, ನೀವು ತಂದದ್ದರ ಮೇಲೆ ನನಗೆ ನಂಬಿಕೆಯಿಲ್ಲ ಎಂದ ಹಾಗೆ. ಈ ಬೀದಿಯಲ್ಲಿ ಹುಟ್ಟಿ ಬೆಳೆದ ಯಾರೂ ಹಲಗೆ ಓದಿ ಒತ್ತಿದವರಲ್ಲ. ಒತ್ತಿದ ಮೇಲೆ, ಪುರುಸೊತ್ತಿದ್ದರೆ, ಕಸದ ಗಾಡಿ ಯಾವ ದಿನ ಬರುತ್ತದೆಂದು ಕಣ್ಣಾಡಿಸುತ್ತಾರೆ. ಓದಿದವನು ಒಬ್ಬನೇ. ಹೋದ ವರ್ಷ ಬೇಸಿಗೆಯಲ್ಲಿ ತಮೋತ್ಸು ಹಲಗೆಯನ್ನು ಹನ್ನೊಂದು ದಿನ ಮನೆಯಲ್ಲೇ ಇಟ್ಟುಕೊಂಡಿದ್ದ. ಒಂದೊಂದು ಸಾಲನ್ನೂ ಬೆರಳಿಟ್ಟು ಓದುತ್ತಿದ್ದ. "ಓದದೆ ಒತ್ತಬಾರದು ಅಕ್ಕ. ಒತ್ತಿದ್ರೆ ಹೌದು ಅಂದ ಹಾಗೆ." ಬೀದಿಯವರಿಗೆಲ್ಲ ಕಸದ ದಿನ ತಪ್ಪಿ ಗಲಾಟೆಯಾಯಿತು. ಹನ್ನೆರಡನೆಯ ದಿನ ಅವನು ಹಲಗೆಯನ್ನು ಎತ್ತಿಕೊಂಡು ಮುಂದಿನ ಮನೆಗಲ್ಲ, ಹಿಂದಿನ ಮನೆಗೆ ಹೋದ. ಅಲ್ಲಿಂದ ಅದರ ಹಿಂದಿನ ಮನೆಗೆ. ನೀವು ಓದಿದ್ದೀರಾ, ಓದದಿದ್ದರೆ ದಯವಿಟ್ಟು ಓದಿ, ಎಂದು ಪ್ರತಿ ಬಾಗಿಲಲ್ಲೂ ಸೊಂಟ ಬಗ್ಗಿಸಿ ಕೇಳಿದ. ಹಲಗೆ ಹಿಂದಕ್ಕೆ ಬಂದದ್ದನ್ನು ಈ ಬೀದಿ ಅದುವರೆಗೆ ಕಂಡಿರಲಿಲ್ಲ. ಆವತ್ತಿನಿಂದ ಜನ ಅವಳನ್ನು ಕಂಡರೆ ದನಿ ತಗ್ಗಿಸತೊಡಗಿದರು. ಇದನ್ನೂ ಅವಳು ಡಾಕ್ಟರಿಗೆ ಹೇಳಿದ್ದಳು. ಡಾಕ್ಟರು ಇದನ್ನೂ ಬರೆದುಕೊಂಡಿದ್ದರು.

"ಎರಡು ಕಡೆ ಒತ್ತಬೇಕಂತೆ," ಎಂದಳು ಅಜ್ಜಿ. ಹಾಳೆ ಮಗುಚಿ ಬೆರಳು ತೋರಿಸಿದಳು. "ಇಲ್ಲೊಂದು. ಇಲ್ಲೊಂದು."

ಚಿಗುಸಾ ಎರಡನೆಯ ಡ್ರಾಯರು ಎಳೆದು ಮೊಹರು ತಂದಳು. ಇಲ್ಲೊಂದು, ಇಲ್ಲೊಂದು ಒತ್ತಿದಳು.

"ನೀನು ಒಳ್ಳೇ ಹೆಂಗಸು," ಎಂದು ಅಜ್ಜಿ ಅವಳ ಮೊಣಕೈ ಸವರಿದಳು. ಅಜ್ಜಿಗೆ ಎಲ್ಲ ಗೊತ್ತಿತ್ತು. ಆವತ್ತು ಕಾರು ಗುಡ್ಡದ ಕಡೆ ತಿರುಗಿದ್ದನ್ನು ಬಟ್ಟೆ ಒಣಹಾಕುತ್ತಾ ನೋಡಿದ್ದವಳು ಅವಳೇ. ನಗೋಯಾದ ಕಥೆಯನ್ನು ಒಂದು ದಿನವೂ ಕೆದಕದೆ ನಂಬಿದ ಹಾಗೆ ನಡೆದುಕೊಂಡವಳೂ ಅವಳೇ. "ಎಲ್ಲರಿಗೂ ಒಳ್ಳೇದಾಯ್ತಮ್ಮ. ಅವನಿಗೂ ಅಷ್ಟೇ. ಮೂಲಂಗಿಗೆ ಈ ಸಲ ಉಪ್ಪು ಜಾಸ್ತಿ ಆಗಿದೆ, ತೊಳ್ಕೊಂಡು ತಿನ್ನು." ಬಾಗಿಲು ಜಾರಿ ಮುಚ್ಚಿತು.

ಅವಳು ಹಲಗೆಯನ್ನು ಒಲೆಯ ಪಕ್ಕ ಇಟ್ಟು, ಬೆರಳಿನ ಕೆಂಪು ಒರೆಸಿಕೊಳ್ಳುತ್ತಾ, ಏನೆಂದು ಓದಿದಳು. ಮೊದಲ ಹಾಳೆ ಹಿಮದ ಸಲಿಕೆಗಳನ್ನು ಸಂಘಕ್ಕೆ ಹಿಂತಿರುಗಿಸುವ ಬಗ್ಗೆ. ಎರಡನೆಯ ಹಾಳೆಗೆ ಮೇಲೆ ಸಣ್ಣದೊಂದು ನಮಸ್ಕಾರವಿತ್ತು; ವಸಂತ ಸಮೀಪಿಸುತ್ತಿರುವ ಈ ದಿನಗಳಲ್ಲಿ ತಾವೆಲ್ಲ ಕ್ಷೇಮವೆಂದು ನಂಬಿದ್ದೇವೆ. ಅದರ ಕೆಳಗೆ: ಹಳೆಯ ಸ್ನಾನಗೃಹದ ಜಾಗದಲ್ಲಿ ಮನೋರೋಗಿಗಳ ಆಸರೆ ಮನೆ ಬರುವುದಕ್ಕೆ ನಮ್ಮ ಬೀದಿಯ ಎಲ್ಲ ಮನೆಗಳೂ ವಿರುದ್ಧವಾಗಿವೆ. ಮಕ್ಕಳ ಹಾಗೂ ವೃದ್ಧರ ಸುರಕ್ಷತೆಯ ದೃಷ್ಟಿಯಿಂದ ಕೆಳಗೆ ಮೊಹರು ಒತ್ತಿರುತ್ತೇವೆ. ಅದರ ಕೆಳಗೆ ಚೌಕಗಳು. ಏಳನೆಯ ಚೌಕದಲ್ಲಿ ಅವಳ ಮನೆತನದ ಹೆಸರು, ಇನ್ನೂ ಒದ್ದೆ, ಅಂಚು ಎಲ್ಲೂ ಮುರಿಯದೆ ಬಹಳ ಚೆನ್ನಾಗಿ ಮೂಡಿತ್ತು.

ಅವಳು ಹಲಗೆಯನ್ನು ಬೆಳಕಿಗೆ ಹಿಡಿದಳು. ಬೆರಳಿನಿಂದ ಉಜ್ಜಿದಳು, ಶಾಯಿ ಹರಡಿತು, ಹೆಸರು ಹಾಗೇ ಉಳಿಯಿತು. ಆರು ತಿಂಗಳಲ್ಲಿ ಎರಡು ಸಲ ಅದೇ ಮೊಹರು, ಅದೇ ಕೈ. ಯಾರೂ ಅವಳ ಕೈ ಹಿಡಿದು ಒತ್ತಿಸಲಿಲ್ಲ. ಗೋಡೆ ಗಡಿಯಾರ ನಾಲ್ಕೂ ಐವತ್ತಾರು ತೋರಿಸುತ್ತಿತ್ತು. ಈಗ, ಎಂದುಕೊಂಡಳು. ಕಾರಣ ಕೇಳಿದರೆ ಬಟ್ಟಲಿನ ವಿಷಯವನ್ನೂ ಹೇಳುತ್ತೇನೆ, ಅಂಗೈಯ ವಿಷಯವನ್ನೂ ಹೇಳುತ್ತೇನೆ. ಸೊಂಟದಿಂದ ಕಾಗದ ಎಳೆದಳು. ರಿಸೀವರಿನ ಮೇಲೆ ಕೈಯಿಟ್ಟಳು. ಕೈಯಿಟ್ಟದ್ದೇ ಫೋನು ಕೈಯಡಿಯಲ್ಲೇ ಬಡಿದುಕೊಂಡಿತು.

ಸಾರ್ವಜನಿಕ ದೂರವಾಣಿ, ಎಂದು ಮೂಡಿತ್ತು. ಇವತ್ತು ಬುಧವಾರವೂ ಅಲ್ಲ, ಶನಿವಾರವೂ ಅಲ್ಲ. ಅದು ನಿಲ್ಲುವವರೆಗೆ ಕಾದರೆ ಹೊತ್ತು ಮೀರುತ್ತದೆ ಎಂದು ಒಂದು ಮನಸ್ಸು, ಈಗಲಾದರೂ ಎತ್ತು ಎಂದು ಇನ್ನೊಂದು. ಎತ್ತಿದಳು.

"ಅಕ್ಕ," ಎಂದ ತಮೋತ್ಸು. ಔಷಧದಿಂದ ನಾಲಿಗೆ ದಪ್ಪಗಾಗಿತ್ತು, ಮಾತು ನಿಧಾನ. "ಎತ್ತಿದೆಯಲ್ಲ."

"ಪಾತ್ರೆ ತೊಳೀತಿದ್ದೆ. ಆ ದಿನಾನೂ... ಯಾವಾಗ್ಲೂ ಪಾತ್ರೆ ತೊಳೀತಿದ್ದಾಗ್ಲೇ ನೀನು..."

"ಹೂಂ. ಶಾಲೇಲಿ ಇವತ್ತು ಏನಡುಗೆ?"

"ಕ್ಯಾರೆಟ್ ಪಲ್ಯ. ಕೋಳಿ." ಅವಳು ಗಡಿಯಾರ ನೋಡಿದಳು. "ತಮೋತ್ಸು, ನಾನು ಅರ್ಜೆಂಟಾಗಿ ಒಂದು ಕಡೆ ಫೋನ್ ಮಾಡಬೇಕು. ಆಮೇಲೆ ನಾನೇ..."

"ಇಲ್ಲಿ ಫೋನಿನ ಪಕ್ಕ ಗೋಡೆ ಮೇಲೆ ಒಂದು ಹಾಳೆ ಅಂಟಿಸಿದಾರೆ ಅಕ್ಕ," ಎಂದು ಅವನು, ಅವಳ ಮಾತು ಕೇಳಿಸದವನ ಹಾಗೆ, ಒಂದೊಂದೇ ಪದ ಇಟ್ಟು ಹೇಳತೊಡಗಿದ. "ಪ್ರಾಂತದ ಕಚೇರಿ ನಂಬರ್ ಇದೆ. ಬಿಡಿ ಅಂತ ಕೇಳಬಹುದು. ಒಳಗಿರೋರೂ ಕೇಳಬಹುದು, ಮನೆಯೋರೂ ಕೇಳಬಹುದು. ದಿನಾ ಓದ್ತೀನಿ, ಬಾಯಿಪಾಠ ಆಗಿದೆ. ಆದ್ರೆ ನಂಬರ್ ಒತ್ತೋವಾಗ ಹಿಂದೆ ನಾಲ್ಕು ಜನ ನಿಂತಿರ್ತಾರೆ, ನರ್ಸಮ್ಮ ಕಿಟಕೀಲಿ ನೋಡ್ತಿರ್ತಾರೆ. ಬೆರಳು ನಮ್ಮನೆ ನಂಬರಿಗೇ ಹೋಗುತ್ತೆ."

"ತಮೋತ್ಸು..."

"ನಿನಗೆ ಬಂದ ಕಾಗದದ ಪ್ರತಿ ನನಗೂ ಕೊಟ್ಟಿದಾರೆ. ಓದಿದೆ. ಇವತ್ತು ಐದು ಗಂಟೆ ತನಕ. ಬೇಡ ಅನ್ನೋಕೆ ಕಷ್ಟ ಆಗುತ್ತೆ ನಿನಗೆ, ಬೇಕು ಅನ್ನೋಕೂ ಕಷ್ಟ. ಎರಡು ವಾರ ನೀನು ಮಲಗಿರಲ್ಲ, ಅಲ್ವಾ? ನಂಗೊತ್ತು. ನೀನು ಅಡುಗೆಮನೇಲಿ ದೀಪ ಹಾಕ್ಕೊಂಡು ಕೂತಿರ್ತೀಯ." ಅವನು ಉಸಿರೆಳೆದುಕೊಂಡ. "ಹಲಗೆ ಸರಿಯಾಗಿ ಹೋಗ್ತಿದೆಯಾ ಅಕ್ಕ, ಬೀದೀಲಿ?"

ಅವಳು ಒಲೆಯ ಪಕ್ಕ ಬಿದ್ದಿದ್ದ ಹಲಗೆಯನ್ನು ನೋಡಿದಳು. "ಹೋಗ್ತಿದೆ."

"ಓದಿ ಒತ್ತುತ್ತೀಯಾ?"

"ಓದ್ತೀನಿ," ಎಂದಳು ಚಿಗುಸಾ.

ಸುಳ್ಳು ಬಾಯಿಂದ ಹೊರಬೀಳುತ್ತಿದ್ದಂತೆ ಕಿಟಕಿಯ ಆಚೆ, ಬಂದರಿನ ಕಂಬದ ಧ್ವನಿವರ್ಧಕದಲ್ಲಿ, ಮಕ್ಕಳನ್ನು ಮನೆಗೆ ಕರೆಯುವ ಐದು ಗಂಟೆಯ ರಾಗ ಶುರುವಾಯಿತು. ಒಂದು ಉಸಿರಿನಷ್ಟು ತಡವಾಗಿ ಅದೇ ರಾಗ ರಿಸೀವರಿನೊಳಗಿನಿಂದಲೂ ಬಂತು, ಗುಡ್ಡದ ಮೇಲೆ, ಕಿಟಕಿಯ ಸರಳಿನ ಮೂಲಕ, ಅವನು ನಿಂತ ಓಣಿಗೆ. ಎರಡೂ ಕಿವಿಯಲ್ಲಿ ಒಂದೇ ಹಾಡು ಒಂದರ ಹಿಂದೊಂದು ನಡೆಯಿತು. ಅದು ಮುಗಿಯಿತು.

"ಆಯ್ತು," ಎಂದ ತಮೋತ್ಸು. ದೊಡ್ಡದೊಂದು ಭಾರ ಇಳಿಸಿಟ್ಟವನ ದನಿ. "ಐದಾಯ್ತು ಅಕ್ಕ. ಇನ್ನು ಯಾರೂ ನಿನ್ನ ಕೇಳಲ್ಲ. ನಾನು ಲೈನ್ ಹಿಡ್ಕೊಂಡಿದ್ದೆ. ನೀನು ಮಲಕ್ಕೋ." ಆಮೇಲೆ, ಇಡುವ ಮುಂಚೆ, ಲೆಕ್ಕಕ್ಕಿಲ್ಲದ ಸಂಗತಿಯೊಂದನ್ನು ಹೇಳುವವನ ಹಾಗೆ: "ಬ್ಯಾಗ್ ಕಟ್ಟಿಟ್ಟಿದ್ದೆ, ಸುಮ್ನೆ. ಈಗ ಬಿಚ್ಚಿಡ್ತೀನಿ."

ಅವಳು ಆಸ್ಪತ್ರೆಯ ಕಚೇರಿಯ ನಂಬರ್ ಒತ್ತಿದಳು. ಇಂದಿನ ಕೆಲಸದ ವೇಳೆ ಮುಗಿದಿದೆ ಎಂದು ಒಂದು ಹೆಣ್ಣು ದನಿ ಬಹಳ ವಿನಯದಿಂದ ಹೇಳಿತು. ಮತ್ತೆ ಒತ್ತಿದಳು. ಮತ್ತೆ ಹೇಳಿತು. ಬಾಗಿಲಿಗೆ ಎರಡು ಅಂಗೈ ಒತ್ತಿ ನಿಂತವನು ಗುಡ್ಡದ ಮೇಲಿನಿಂದಲೂ ಬಾಗಿಲು ಹಿಡಿದಿದ್ದ, ಈ ಸಲ ತಾನು ಒಳಗಿದ್ದುಕೊಂಡು, ಅವಳನ್ನು ಹೊರಗೆ ಕಾಪಾಡಿಕೊಂಡು. ಅವಳ ಬಾಯಿಂದ ಒಂದು ಸದ್ದು ಬಂತು, ಅಳುವೋ ಅಲ್ಲವೋ. ನಾಳೆ ಒಂಬತ್ತಕ್ಕೆ ಕಚೇರಿ ತೆರೆಯುತ್ತದೆ. ನಾಳೆ ಒಂಬತ್ತಕ್ಕೆ ತಾನು ಕಡಾಯಿಯ ಮುಂದಿರುತ್ತೇನೆ, ನಗುಮೊ ಏನಾದರೂ ಕೇಳುತ್ತಾಳೆ, ತಾನು ನಗುತ್ತೇನೆ. ತನ್ನನ್ನು ತಾನು ಬಲ್ಲವಳು ಅವಳು. ಮಾಡುವುದಿದ್ದರೆ ಈಗಲೇ, ಈ ಹೆದರಿಕೆ ಮೈಯಲ್ಲಿ ಬಿಸಿಯಿರುವಾಗಲೇ, ಏನಾದರೊಂದು ಮಾಡಬೇಕು.

ಹಲಗೆಯನ್ನು ಎದೆಗವಚಿಕೊಂಡು ಹೊರಗೆ ಬಂದಳು. ಎಡಕ್ಕೆ ತಂಗೆಯವರ ಮನೆ. ಅವಳು ಬಲಕ್ಕೆ ತಿರುಗಿದಳು. ಇಪ್ಪತ್ತು ಹೆಜ್ಜೆ. ಎದುರು ಮನೆಯ ಪರದೆ ಅಲುಗಿತು, ಅಲುಗಿ ಹಾಗೇ ನಿಂತಿತು. ಆವತ್ತು ಈ ಇಪ್ಪತ್ತು ಹೆಜ್ಜೆ ಅವನಿಗೂ ಇಷ್ಟೇ ಉದ್ದವಿತ್ತೇ ಎಂದು ಅವಳಿಗೆ ಅನ್ನಿಸಿತು. ಮನೆಯೊಳಗಿನ ಬಟ್ಟೆ ಚಪ್ಪಲಿಯಲ್ಲೇ ಬಂದಿದ್ದೇನೆಂದು ಕರಗಿದ ಹಿಮ ಕಾಲ್ಬೆರಳಿಗೆ ತಾಕಿದ ಮೇಲೆ ತಿಳಿಯಿತು. ಕರೆಗಂಟೆ ಒತ್ತಿದಳು.

"ಯಾರು? ಅಯ್ಯೋ ಚಿಗುಸಾ." ಇಗಾರಶಿ ಅಜ್ಜಿಯ ಕಣ್ಣು ಮೊದಲು ಹಲಗೆಗೆ, ಆಮೇಲೆ ಕಾಲಿಗೆ ಹೋಯಿತು. "ತಂಗೆಯವರು ಇಲ್ವಾ?"

"ಅಜ್ಜಿ, ನನ್ನ ಮೊಹರು ತೆಗೀಬೇಕು ಇದರಿಂದ."

"ಒತ್ತಿದ್ದನ್ನ ಹೇಗಮ್ಮ ತೆಗೆಯೋದು? ಒತ್ತಿ ಆಯ್ತಲ್ಲ."

"ಓದದೆ ಒತ್ತಿದೆ. ಓದದೆ ಒತ್ತಬಾರದು. ಒತ್ತಿದ್ರೆ ಹೌದು ಅಂದ ಹಾಗೆ." ದನಿ ತನ್ನದೇ ಆದರೂ ಮಾತು ಅವನದು ಎಂದು ಅವಳಿಗೆ ಕೇಳಿಸಿತು. ನಿಲ್ಲಿಸಲಾಗಲಿಲ್ಲ. "ನೀವು ಓದಿದ್ರಾ ಅಜ್ಜಿ? ಹಿಂದಿನ ಮನೆಯೋರು ಓದಿದಾರಾ? ನಾನು ಹೋಗಿ ಕೇಳ್ತೀನಿ."

ಪೂರ್ತಿ ತೆರೆದಿದ್ದ ಬಾಗಿಲು, ಯಾರೂ ತಳ್ಳದ ಹಾಗೆ, ಒಂದು ಗೇಣಾಯಿತು. ಆ ಗೇಣಿನಿಂದ ನೋಡಿದ ಅಜ್ಜಿಯ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚಿಗುಸಾ ತಡೆದುಕೊಳ್ಳುತ್ತಿದ್ದಳು. ಹೋದ ಬೇಸಿಗೆಯಲ್ಲಿ ಈ ಬೀದಿಯ ಪ್ರತಿ ಬಾಗಿಲಲ್ಲೂ ತಮೋತ್ಸುವಿಗೆ ಸಿಕ್ಕಿದ್ದ, ಅವಳೇ ಮನೆಯೊಳಗೆ ದಿನವೂ ಅವನಿಗೆ ತೋರಿಸುತ್ತಿದ್ದ, ಆ ಎಚ್ಚರಿಕೆಯ ಮೃದುತನ ಅಲ್ಲಿತ್ತು.

"ಚಿಗುಸಾ," ಎಂದಳು ಅಜ್ಜಿ, ಮಲಗಿದ ಕೂಸನ್ನು ಏಳಿಸಬಾರದೆಂಬ ದನಿಯಲ್ಲಿ, "ರಾತ್ರಿ ಹೊತ್ತು ನಿದ್ದೆ ಸರಿಯಾಗಿ ಬರ್ತಿದೆಯೇನಮ್ಮ?"

ಡಾಕ್ಟರು ಕೇಳುವ ಪ್ರಶ್ನೆ ಅದು. ಇಲ್ಲ ಎಂದರೂ ಬರೆದುಕೊಳ್ಳುತ್ತಾರೆ, ಹೌದು ಎಂದರೂ ಬರೆದುಕೊಳ್ಳುತ್ತಾರೆ, ಸುಮ್ಮನಿದ್ದರೂ ಬರೆದುಕೊಳ್ಳುತ್ತಾರೆ. ಅಪ್ಪ ಅಮ್ಮ ಇಲ್ಲ. ಗಂಡ ಎಂದು ಯಾರೂ ಆಗಲಿಲ್ಲ. ತನ್ನನ್ನೂ ಆ ಗುಡ್ಡಕ್ಕೆ ಒಯ್ದರೆ ಮನೆಯವರ ಒಪ್ಪಿಗೆಯ ಮೊಹರು ಒತ್ತುವವರು ಯಾರು? ಹಲಗೆಯ ಅಂಚು ಅಂಗೈಗೆ ಒತ್ತುವಷ್ಟು ಬಿಗಿಯಾಗಿ ಹಿಡಿದಿದ್ದಳು.

"ನಿನ್ನೋರು ಅಂತ ಯಾರಾದ್ರೂ ಇದಾರಾ? ಫೋನ್ ಮಾಡ್ಲಾ?"

"ತಮ್ಮ ಇದಾನೆ," ಎಂದಳು ಚಿಗುಸಾ. "ಅವನು ಓದದೆ ಒತ್ತಲ್ಲ."